ಕೂಗುವವನ ಮಾತ್ರೆ

ನನ್ನ ಅಪ್ಪನದು ಕೋರ್ಟಿನಲ್ಲಿ ಕೂಗುವ ಕೆಲಸ. ಸಂಬಳದ ಪಟ್ಟಿಯಲ್ಲಿ ಮುನ್ಸೀಫರ ಕೋರ್ಟಿನ ಜವಾನ ಎಂದು ಇದ್ದರೂ ಊರಿನವರಿಗೆ ಅವನು ‘ಕೋರ್ಟಲ್ಲಿ ಕೂಗೋನು’. ಒಳಗಿನಿಂದ ಬೆಂಚ್ ಕ್ಲಾರ್ಕು ಹೆಸರು ಹೇಳಿದ ಕೂಡಲೇ ಜಗಲಿಗೆ ಬಂದು, ಕಂಬದ ಪಕ್ಕ ನಿಂತು, ಕೇಸಿನವರ ಹೆಸರನ್ನು ಮೂರು ಸಲ ಕೂಗಬೇಕು. ಅಪ್ಪ ಕೂಗಿದರೆ ಹುಣಸೆಮರದ ಕೆಳಗೆ ಎಲೆಯಡಿಕೆ ಮೆಲ್ಲುತ್ತ ಕೂತವರಷ್ಟೇ ಅಲ್ಲ, ಆಚೆ ಬೀದಿಯ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರೂ ಕೈ ತೊಳೆಯದೆ ಓಡಿ ಬರುತ್ತಿದ್ದರು. ವಕೀಲರು ಅವನ ಗಂಟಲನ್ನು ಹೊಗಳುತ್ತಿದ್ದರು. ಹೊಸ ಮುನ್ಸೀಫರು ಬಂದಾಗಲೆಲ್ಲ ಶಿರಸ್ತೇದಾರರು ಅವನನ್ನು ಕರೆದು ನಿಲ್ಲಿಸಿ, ಇಂಥ ಗಂಟಲು ಜಿಲ್ಲೆಯಲ್ಲೇ ಇಲ್ಲ ಸ್ವಾಮಿ ಎಂದು ತೋರಿಸುತ್ತಿದ್ದರು.

ಅದು ಯಾವ ಊರಿನ ಕೋರ್ಟೆಂದು ನಾನು ಬರೆಯುವುದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಇಷ್ಟರೊಳಗೇ ನನ್ನ ಜೀವಮಾನವೆಲ್ಲ ಕಳೆದಿದೆ. ಆ ಊರಿನಲ್ಲಿ ನಾನು ಬೈಯಬೇಕಾದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ. ನನಗೆ ಅವರ ಮೇಲೆ ಸಿಟ್ಟಿಲ್ಲ.

ಅಪ್ಪ ಸತ್ತದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಹೊಟ್ಟೆ ಊದಿಕೊಂಡಿತ್ತು, ಕಣ್ಣು ಹಳದಿಯಾಗಿತ್ತು, ಕಾಲು ಒತ್ತಿದರೆ ಗುಳಿ ಬೀಳುತ್ತಿತ್ತು. ಕಾಮಾಲೆ ಎಂದರು. ಯಾರೋ ಸೊಪ್ಪಿನ ರಸ ತಂದುಕೊಟ್ಟರು, ಯಾರೋ ಕೈಗೆ ಬರೆ ಹಾಕಿದರು. ಅವನಿಗೆ ಇನ್ನೂ ಐವತ್ತಾಗಿರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಶಿರಸ್ತೇದಾರರು ನಮ್ಮ ಮನೆಗೇ ಬಂದು, ಸೇವೆಯಲ್ಲಿದ್ದಾಗ ಸತ್ತವರ ಮಗನಿಗೆ ಅನುಕಂಪದ ಮೇಲೆ ಕೆಲಸ ಸಿಗುತ್ತದೆ, ಇವನನ್ನು ಕಳಿಸಿ ಎಂದು ಅಮ್ಮನಿಗೆ ಹೇಳಿದರು. ಅಪ್ಪನ ಗಂಟಲು ಮಗನಿಗೂ ಬಂದಿರುತ್ತದೆ ಎಂದು ನಕ್ಕರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಮನೆಗೆ ಯಾರಾದರೂ ಬಂದರೆ ನಾನು ನಿಲ್ಲುತ್ತಿದ್ದ ಜಾಗ ಅದು.

ನನಗೆ ಜನ ಎಂದರೆ ಆಗುತ್ತಿರಲಿಲ್ಲ. ದ್ವೇಷವಲ್ಲ, ಹೆದರಿಕೆ. ಅಪ್ಪ ಹುಟ್ಟಿದ ಹಟ್ಟಿಗೆ ರಜೆಯಲ್ಲಿ ಹೋದರೆ, ತಾತನ ಕುರಿಗಳ ಹಿಂದೆ ದಿನವಿಡೀ ಒಬ್ಬನೇ ಅಲೆಯುತ್ತಿದ್ದೆ. ಹಳ್ಳದ ಆಚೆ ದಡಕ್ಕೆ ಕೇಳುವ ಹಾಗೆ ಕುರಿಗಳನ್ನು ಕೂಗುತ್ತಿದ್ದೆ. ಆದರೆ ಶಾಲೆಯಲ್ಲಿ ಹಾಜರಿ ತೆಗೆಯುವಾಗ ‘ಎಸ್ಸಾರ್’ ಎನ್ನಲು ನನ್ನ ಬಾಯಿಗೆ ಆಗುತ್ತಿರಲಿಲ್ಲ. ನನ್ನ ಹೆಸರು ಹತ್ತಿರವಾಗುತ್ತಿದ್ದಂತೆ ಎದೆ ಡವಗುಟ್ಟಿ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಕಿವಿ ಕಾದು ಹೋಗುತ್ತಿತ್ತು. ಎದುರಿಗೇ ಕೂತಿದ್ದರೂ ಮೇಷ್ಟ್ರು ಗೈರುಹಾಜರಿ ಹಾಕಿ, ಆಮೇಲೆ ಬೆತ್ತ ತೆಗೆದುಕೊಳ್ಳುತ್ತಿದ್ದರು. ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ ತುತ್ತು ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಖಾಲಿಯಾಗುವವರೆಗೆ ಬೀದಿಯಾಚೆ ಕಾಯುತ್ತಿದ್ದೆ. ಯಾರೊಂದಿಗಾದರೂ ಎರಡು ಮಾತಾಡಿದರೆ, ಅದರಲ್ಲಿ ನಾನು ಏನು ತಪ್ಪಾಡಿದೆ ಎಂದು ಎರಡು ದಿನ ಅದನ್ನೇ ತಿರುವಿ ಹಾಕುತ್ತಿದ್ದೆ.

ಜನ ಇದನ್ನು ನಾಚಿಕೆ ಎಂದರು, ಮಂಕು ಎಂದರು. ಸ್ವಲ್ಪ ದೊಡ್ಡವನಾದ ಮೇಲೆ ಸೊಕ್ಕು ಎಂದರು. ಎದುರಿಗೆ ಸಿಕ್ಕಿದರೂ ಮಾತಾಡಿಸದೆ ಹೋಗುತ್ತಾನೆ, ಕೋರ್ಟಿನವನ ಮಗ ಎಂದು ಕೊಬ್ಬು ಎಂದರು. ಕಾಯಿಲೆ ಎಂದು ಒಬ್ಬರೂ ಅನ್ನಲಿಲ್ಲ. ನನಗೂ ಅದು ಹೊಳೆದಿರಲಿಲ್ಲ.

ಇಂಥವನಿಗೆ ಕೋರ್ಟಿನ ಜಗಲಿಯಲ್ಲಿ ನಿಂತು ಕೂಗುವ ಕೆಲಸ ಬಂತು. ಬೇಡ ಎನ್ನಲು ನಾವು ಇದ್ದ ಸ್ಥಿತಿ ಬಿಡಲಿಲ್ಲ. ಅಮ್ಮ, ಒಬ್ಬ ತಂಗಿ, ನಾನು. ಎಸ್ಸೆಸ್ಸೆಲ್ಸಿ ಫೇಲಾದವನಿಗೆ ಇನ್ನೊಂದು ಕೆಲಸ ಎಲ್ಲಿಂದ ಬರಬೇಕು?

ಮೊದಲ ದಿನ ಬಿಳಿ ಬಟ್ಟೆ, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಅದರ ಮೇಲೆ ಹಿತ್ತಾಳೆ ಬಿಲ್ಲೆ ಹಾಕಿಕೊಂಡು ಜಗಲಿಗೆ ಬಂದೆ. ಅಪ್ಪನ ಮಗ ಕೂಗುವುದನ್ನು ಕೇಳಲೆಂದೇ ಕೆಲವು ವಕೀಲರು ಹೊರಗೆ ಬಂದು ನಿಂತಿದ್ದರು. ಬೆಂಚ್ ಕ್ಲಾರ್ಕು ಹೆಸರು ಹೇಳಿದ. ನಾನು ಬಾಯಿ ತೆರೆದೆ. ಗಾಳಿ ಬಂತು, ಧ್ವನಿ ಬರಲಿಲ್ಲ. ಎರಡನೇ ಸಲಕ್ಕೆ ಹೆಸರಿನ ಅರ್ಧ ಬಂತು. ವಕೀಲರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಯಾರೋ ಒಬ್ಬ ಕಕ್ಷಿದಾರ ನನ್ನ ಹಾಗೇ ಬಾಯಿ ತೆರೆದು ಮುಚ್ಚಿ ತೋರಿಸಿದ. ನನ್ನ ಕಾಲು ಎಷ್ಟು ನಡುಗುತ್ತಿತ್ತೆಂದರೆ ಕಂಬ ಹಿಡಿದುಕೊಂಡೇ ನಿಂತಿದ್ದೆ.

ಹೀಗೆ ಕೆಲವು ವಾರ ನಡೆಯಿತು. ಒಂದು ದಿನ ಹಳ್ಳಿಯಿಂದ ಬಂದಿದ್ದ ಒಬ್ಬ ಅಜ್ಜಿ ನಾನು ಕೂಗಿದ್ದು ಕೇಳಿಸದೆ ಮರದ ಕೆಳಗೇ ಕೂತಿದ್ದಳು. ಬರಲಿಲ್ಲವೆಂದು ಅವಳ ಕೇಸು ವಜಾ ಆಯಿತು. ವಕೀಲರು ಅರ್ಜಿ ಹಾಕಿ ಅದನ್ನು ಮತ್ತೆ ತೆಗೆಸಿದರು, ಆದರೆ ಅಜ್ಜಿ ಅಷ್ಟು ದೂರದಿಂದ ಇನ್ನೊಮ್ಮೆ ಬಸ್ಸಿನಲ್ಲಿ ಬರಬೇಕಾಯಿತು. ಹಾಗೆ ಬಂದ ದಿನ ಅವಳು ನನ್ನ ಮುಂದೆ ನಿಂತು, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದೆ ಕೇಳಿದಳು.

“ನಿಂಗೆ ಮಾತು ಬರಾಕಿಲ್ವೇನಪ್ಪ? ಮೂಗನ್ನ ಯಾಕೆ ಈ ಕೆಲ್ಸಕ್ಕೆ ಮಡೀಕಂಡವ್ರೆ?”

ಅದೇ ಮಧ್ಯಾಹ್ನ ಅಮೀನ ನನ್ನ ಹೆಗಲ ಮೇಲೆ ಕೈ ಹಾಕಿದ. ಅಮೀನ ಎಂದರೆ ಸಮನ್ಸು ಜಾರಿ ಮಾಡುವವನು, ಹಳ್ಳಿಹಳ್ಳಿ ತಿರುಗುವವನು. ಅಪ್ಪನ ಜೀವದ ಗೆಳೆಯ. ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವನು. ನಾನು ಅವನನ್ನು ಚಿಕ್ಕಪ್ಪ ಎನ್ನುತ್ತಿದ್ದೆ. ಊಟದ ಹೊತ್ತಿಗೆ ಅವನು ನನ್ನನ್ನು ಕೋರ್ಟಿನ ಹಿಂದಿನ ಓಣಿಗೆ, ಸಾರಾಯಿ ಅಂಗಡಿಗೆ ಕರೆದುಕೊಂಡು ಹೋದ. ನಾನು ಬಾಗಿಲಲ್ಲೇ ನಿಂತೆ.

“ಒಳೀಕ್ ಬಾರ್ಲಾ. ಇಂಗೆ ನಡುಗ್ತಾ ನಿಂತ್ರೆ ಕೆಲ್ಸ ಉಳಿಯಾಕಿಲ್ಲ ಕಣ್ಲಾ. ನಿಮ್ಮಪ್ಪ ಬರೀ ಗಂಟ್ಲಲ್ಲಿ ಕೂಗ್ತಿದ್ದ ಅನ್ಕಂಡಿದ್ದೀಯಾ? ಅವ್ನೂ ನಿನ್ನಂಗೇ ನಡುಗೋನು. ದಿನಾ ಬೆಳಿಗ್ಗೆ ಇಲ್ಲಿಗೆ ಬಂದು ಹಾಕ್ಕಂಡೇ ಜಗಲಿ ಹತ್ತೋನು.”

ಆ ಮಾತು ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ. ಇದನ್ನು ಇವತ್ತು ಬರೆಯುವಾಗ ಬರುತ್ತದೆ, ಆದರೆ ಅವತ್ತು ನನಗೆ ಬಂದದ್ದು ಸಮಾಧಾನ. ಅಪ್ಪನೂ ನನ್ನ ಹಾಗೇ ಇದ್ದನಲ್ಲ ಎಂಬ ಸಮಾಧಾನ. ಒಳಗೆ ಹೋದೆ. ಮೊದಲ ಗ್ಲಾಸಿಗೆ ಗಂಟಲು ಸುಟ್ಟಿತು, ಎರಡನೆಯದಕ್ಕೆ ಎದೆಯ ಡವಡವ ಇಳಿಯಿತು. ಮಧ್ಯಾಹ್ನ ಕೋರ್ಟು ಶುರುವಾದಾಗ ಜಗಲಿಗೆ ಬಂದು ಕೂಗಿದೆ. ಹೆಸರು ಹುಣಸೆಮರ ದಾಟಿ ಹೋಯಿತು. ಶಿರಸ್ತೇದಾರರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಶಭಾಷ್, ಥೇಟ್ ಅಪ್ಪನೇ ಎಂದರು.

ನಾನು ಕುಡಿದು ಬಂದಿದ್ದೇನೆಂದು ಅವರಿಗೆ ಗೊತ್ತಿತ್ತು. ವಾಸನೆ ಹತ್ತಡಿ ದೂರಕ್ಕೆ ಹೊಡೆಯುತ್ತಿತ್ತು. ವಕೀಲರಿಗೂ ಗೊತ್ತಿತ್ತು. ಅವತ್ತಿನಿಂದ ಯಾರೂ ನಗಲಿಲ್ಲ. ಕೇಸು ಗೆದ್ದವರು ನನ್ನ ಕೈಗೆ ಏನಾದರೂ ಇಟ್ಟು, ಹೋಗಿ ಒಂದು ಹಾಕಿಕೋ ಎನ್ನುತ್ತಿದ್ದರು. ಎಷ್ಟು ಪ್ರೀತಿಯಿಂದ ಹೇಳುತ್ತಿದ್ದರೆಂದರೆ ಬೇಡ ಎನ್ನುವುದೇ ಮರ್ಯಾದೆಗೇಡು.

ಸುಮಾರು ಎರಡು ವರ್ಷ ಹೀಗೆ ಕೂಗಿದೆ. ಮೊದಲು ಎರಡು ಗ್ಲಾಸು ಸಾಕಾಗುತ್ತಿತ್ತು, ಆಮೇಲೆ ಸಾಲದಾಯಿತು. ಬೆಳಿಗ್ಗೆ ಎದ್ದರೆ ಹಲ್ಲುಜ್ಜುವ ಕೈ ನಡುಗುತ್ತಿತ್ತು. ಭಾನುವಾರ ಕೋರ್ಟಿಲ್ಲದಿದ್ದರೂ ಕಾಲು ಓಣಿಯ ಕಡೆಗೇ ಎಳೆಯುತ್ತಿತ್ತು. ಅಮ್ಮ ಮಾತ್ರ ಒಂದು ಮಾತೂ ಆಡುತ್ತಿರಲಿಲ್ಲ. ಮುದ್ದೆಯ ತಟ್ಟೆಯನ್ನು ನನ್ನ ಮುಂದೆ ಇಟ್ಟು, ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಮುಖ ತೊಳೆಯುವಾಗ ತಂಗಿ ನನ್ನ ಕಣ್ಣು ನೋಡಿ, ಹಳದಿ ಇದೆಯಲ್ಲಣ್ಣ ಎಂದಳು. ಅಮ್ಮ ಒಲೆ ಮುಂದಿನಿಂದ ಎದ್ದು ಬಂದು, ನನ್ನ ರೆಪ್ಪೆ ಬಿಡಿಸಿ ನೋಡಿದಳು. ಒಲೆ ಆರಿಸಿದಳು, ಸೀರೆ ಬದಲಾಯಿಸಿದಳು. ನನ್ನನ್ನು ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ಎಳೆದುಕೊಂಡು ಹೋಗಿ ಶಿರಾ ಬಸ್ಸು ಹತ್ತಿಸಿದಳು. ತಂಗಿ ಹುಟ್ಟಿದಾಗ ಹೆರಿಗೆ ಮಾಡಿಸಿದ ಒಬ್ಬ ಡಾಕ್ಟ್ರಮ್ಮ ಶಿರಾದಲ್ಲಿ ಸ್ವಂತ ಷಾಪು, ಅಂದರೆ ಕ್ಲಿನಿಕ್ಕು, ಇಟ್ಟಿದ್ದರು. ಅಮ್ಮನಿಗೆ ಗೊತ್ತಿದ್ದ ಡಾಕ್ಟರು ಅವರೊಬ್ಬರೇ.

ಆ ಷಾಪಿನ ಬೆಂಚುಗಳ ಮೇಲೆಲ್ಲ ಬಸುರಿಯರು. ಬುರ್ಖಾ ಹಾಕಿದವರು, ಹಳ್ಳಿಯವರು, ಜೊತೆಗೆ ಅವರ ಅತ್ತೆಯರು. ಅವರ ನಡುವೆ ಮೀಸೆ ಬಂದ ನಾನೊಬ್ಬ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂದು ಬೆವರು ಹರಿದು ಅಂಗಿ ಒದ್ದೆಯಾಯಿತು. ಸರದಿ ಬಂದಾಗ ಡಾಕ್ಟ್ರಮ್ಮ ಮೊದಲು ಅಮ್ಮನಿಗೆ ಬೈದರು, ಆಮೇಲೆ ನನಗೆ ಬೈದರು. ಅವರದು ಬೈಯುವ ಬಾಯಿ. ಲಿವರು ನೋಡಿ, ಇನ್ನೂ ಕೆಟ್ಟಿಲ್ಲ, ಈಗ ಬಿಟ್ಟರೆ ಉಳಿಯುತ್ತೀಯ ಎಂದರು. ಬಿಟ್ಟರೆ ಕೂಗೋಕೆ ಆಗಲ್ಲ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿದರು.

“ಒಬ್ಬನೇ ಇದ್ದಾಗ ಕೂಗೋಕೆ ಆಗುತ್ತಾ?”

“ಕುರಿ ಹಿಂದೆ ಹೋದಾಗ ಆಗ್ತದೆ. ಜನ ನೋಡ್ತಿದ್ರೆ ಆಗಾಕಿಲ್ಲ.”

“ಹೋಟೆಲಲ್ಲಿ ಕೂತು ತಿಂತೀಯಾ?”

“ಇಲ್ಲ.”

“ಚಿಕ್ಕಂದಿನಿಂದಲೂ ಹೀಗೇನಾ?”

ಹೂಂ ಎಂದೆ. ಅಷ್ಟು ಹೊತ್ತಿಗೆ ನನ್ನ ಕಣ್ಣಲ್ಲಿ ನೀರು ಬಂದಿತ್ತು, ಯಾಕೆಂದರೆ ಆ ಪ್ರಶ್ನೆಗಳನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವರು ಅಮ್ಮನಿಗೆ ನಿಧಾನವಾಗಿ ಹೇಳಿದರು. ಇದು ಕುಡುಕತನ ಅಲ್ಲ, ಕುಡುಕತನ ಆಮೇಲೆ ಬಂದದ್ದು. ಇವನಿಗೆ ಇರುವುದು ಒಂದು ಕಾಯಿಲೆ, ಇದಕ್ಕೆ ಔಷಧಿ ಇದೆ, ಆದರೆ ನಾನು ಕೊಡುವವಳಲ್ಲ, ಬೆಂಗಳೂರಿನ ಆಸ್ಪತ್ರೆಗೆ ಹೋಗಿ. ಅದು ತಲೆ ಕೆಟ್ಟವರ ಆಸ್ಪತ್ರೆಯಾ ಎಂದು ಅಮ್ಮ ಕೇಳಿದಳು. ಹೌದು, ಅದಕ್ಕೇನೀಗ ಎಂದರು ಡಾಕ್ಟ್ರಮ್ಮ.

ಬೆಂಗಳೂರಿನಲ್ಲಿ ನನ್ನನ್ನು ನೋಡಿದ ಡಾಕ್ಟರು ಕಾಯಿಲೆಗೆ ಒಂದು ಇಂಗ್ಲಿಷ್ ಹೆಸರು ಹೇಳಿದರು. ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳಿದೆ. ಅವರು ಯೋಚನೆ ಮಾಡಿ, ಜನರ ಭಯ ಅಂದುಕೋ ಎಂದರು. ದಿನಕ್ಕೊಂದು ಮಾತ್ರೆ ರಾತ್ರಿ ನುಂಗಬೇಕು, ಅದು ಕೆಲಸ ಮಾಡಲು ವಾರಗಳು ಬೇಕು. ಇನ್ನೊಂದು ಚಿಕ್ಕ ಮಾತ್ರೆ ಕೋರ್ಟಿಗೆ ಮುಂಚೆ, ಅದು ಎದೆ ಹೊಡೆದುಕೊಳ್ಳುವುದನ್ನು, ಕೈ ನಡುಗುವುದನ್ನು ತಡೆಯುತ್ತದೆ. ಇವುಗಳ ಜೊತೆ ಸಾರಾಯಿ ಮುಟ್ಟಕೂಡದು. ಹೇಳದೆ ಕೇಳದೆ ನಿಲ್ಲಿಸಕೂಡದು. ಮತ್ತೂ ಒಂದು ಹೇಳಿದರು. ಮಾತ್ರೆ ನಿನ್ನ ಬದಲು ಕೂಗುವುದಿಲ್ಲ, ಕೂಗುವುದನ್ನು ನೀನೇ ಕಲಿಯಬೇಕು. ದಿನಾ ಒಂದು ಅಂಗಡಿಗೆ ಹೋಗಿ ಏನಾದರೊಂದರ ಬೆಲೆ ಕೇಳು. ಹೋಟೆಲಿನಲ್ಲಿ ನಡುಮಧ್ಯದ ಮೇಜಿಗೆ ಕೂತು ತಿನ್ನು. ಗೊತ್ತಿಲ್ಲದವರೊಂದಿಗೆ ಒಂದು ಮಾತಾಡು.

ರಜೆ ಹಾಕಿ ಸಾರಾಯಿ ಬಿಟ್ಟೆ. ಆ ದಿನಗಳನ್ನು ಅಮ್ಮ ಮತ್ತು ಡಾಕ್ಟ್ರಮ್ಮ ಸೇರಿ ದಾಟಿಸಿದರು. ಆಮೇಲೆ ಮಾತ್ರೆ ಶುರು ಮಾಡಿದೆ. ಮೊದಲ ವಾರಗಳಲ್ಲಿ ಬಾಯಿ ಒಣಗಿತು, ಹೊಟ್ಟೆ ಕಟ್ಟಿತು, ನಿಂತಲ್ಲೇ ತೂಕಡಿಕೆ ಬಂತು. ಇದರಿಂದ ಏನೂ ಆಗದು ಎಂದುಕೊಂಡಿದ್ದಾಗ, ಒಂದು ದಿನ ಅಂಗಡಿಯಲ್ಲಿ ನಾಲ್ಕು ಜನ ನಿಂತಿದ್ದರೂ ನಾನು ನುಗ್ಗಿ ಬೆಲ್ಲ ಕೇಳಿದ್ದೆ. ಕೇಳಿದ ಮೇಲೆಯೇ ಅದು ನನಗೆ ಗೊತ್ತಾದದ್ದು. ಕೋರ್ಟಿನಲ್ಲಿ ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಗಟ್ಟಿಯಾಗಿ ಕೂಗತೊಡಗಿದೆ. ಹೆದರಿಕೆ ಹೋಗಿರಲಿಲ್ಲ. ಅದು ಪಕ್ಕದಲ್ಲೇ ನಿಂತಿರುತ್ತಿತ್ತು, ಗಂಟಲಿಗೆ ಕೈ ಹಾಕುತ್ತಿರಲಿಲ್ಲ ಅಷ್ಟೇ. ಅಪ್ಪನಷ್ಟು ದೊಡ್ಡ ಧ್ವನಿ ಬರಲಿಲ್ಲ. ಆದರೆ ಜನರಿಗೆ ಕೇಳಿಸುತ್ತಿತ್ತು, ಬರುತ್ತಿದ್ದರು.

ಇಷ್ಟಕ್ಕೆ ಮುಗಿದಿದ್ದರೆ ನನಗೆ ಬರೆಯಲು ಏನೂ ಇರುತ್ತಿರಲಿಲ್ಲ.

ಬೆಂಗಳೂರಿಗೆ ಪ್ರತಿಸಲ ಹೋಗಲಾಗದೆ, ಒಮ್ಮೆ ಚೀಟಿಯನ್ನು ಊರಿನ ಮೆಡಿಕಲ್ ಷಾಪಿನಲ್ಲಿ ಕೊಟ್ಟೆ. ಸಂತೆಯ ದಿನ, ಅಂಗಡಿ ತುಂಬ ಜನ. ಅಂಗಡಿಯವನು ಚೀಟಿಯನ್ನು ಬೆಳಕಿಗೆ ಹಿಡಿದು ಓದಿ, ಅಷ್ಟೂ ಜನರ ತಲೆಯ ಮೇಲಿಂದ ನನ್ನನ್ನು ಕೇಳಿದ.

“ಇದು ತಲೆ ಕೆಟ್ಟೋರಿಗೆ ಕೊಡೋ ಮಾತ್ರೆ ಅಲ್ವೇನಪ್ಪಾ? ನಿಮ್ಮನೇಲಿ ಯಾರಿಗೆ?”

ನನಗೆ ಎಂದೆ. ಹಾಗೆ ಹೇಳಲು ನನಗೆ ಆದದ್ದೇ ಆ ಮಾತ್ರೆಯಿಂದ. ಆದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮರುದಿನ ಕೋರ್ಟಿನಲ್ಲಿ ನನ್ನ ಪಕ್ಕ ಕೂತು ಉಣ್ಣುತ್ತಿದ್ದ ಟೈಪಿಸ್ಟು ಬೇರೆ ಕಡೆ ಡಬ್ಬಿ ಬಿಚ್ಚಿದ. ವಕೀಲರ ಗುಮಾಸ್ತರು ನನ್ನ ಕೈಗೆ ಕಾಗದ ಕೊಡುವಾಗ ನನ್ನ ಕಣ್ಣನ್ನು ಪರೀಕ್ಷೆ ಮಾಡುವವರ ಹಾಗೆ ನೋಡಿದರು. ನಾನು ಎರಡು ವರ್ಷ ಕುಡಿದು ತೂರಾಡಿದಾಗ ಯಾರಿಗೂ ಹುಟ್ಟದ ಹೆದರಿಕೆ, ಕುಡಿಯುವುದು ಬಿಟ್ಟು ನೆಟ್ಟಗೆ ನಿಂತ ಮೇಲೆ ಹುಟ್ಟಿತ್ತು.

ಅಮೀನ ನನ್ನನ್ನು ಪಕ್ಕಕ್ಕೆ ಕರೆದ. ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು.

“ಆ ಹುಚ್ಚಿನ ಮಾತ್ರೆ ಬುಟ್ಬುಡ್ಲಾ. ಅದು ಮಿದುಳು ತಿಂದ್ಬುಡ್ತದೆ. ಎದ್ರಿಕೆ ಆದ್ರೆ ಬಾ, ಒಂದು ಹಾಕಾನ. ನಾನು ಇಲ್ವಾ?”

ಇದನ್ನು ನಾನು ಇವತ್ತಿಗೂ ಜೀರ್ಣಿಸಿಕೊಂಡಿಲ್ಲ. ಅಪ್ಪನ ಊದಿದ ಹೊಟ್ಟೆಯನ್ನು ಕಣ್ಣಾರೆ ನೋಡಿದವನು ಅವನು. ಆ ಹೊಟ್ಟೆಯೊಳಗೆ ಏನು ಇಳಿದಿತ್ತೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಆದರೂ ಅವತ್ತು ನಾನು ಅವನ ಮಾತಿಗೆ ಹೆದರಿದೆ. ಸಾರಾಯಿಗೆ ಹೋಗಲಿಲ್ಲ, ಆದರೆ ರಾತ್ರಿಯ ಮಾತ್ರೆ ನಿಲ್ಲಿಸಿಬಿಟ್ಟೆ. ಕೆಲವೇ ದಿನಗಳಲ್ಲಿ ತಲೆ ತಿರುಗಿ, ವಾಂತಿಯಾಗಿ, ನಿದ್ದೆ ಹಾರಿಹೋಯಿತು. ಜಗಲಿಯಲ್ಲಿ ಒಂದು ಹೆಸರಿನ ಮಧ್ಯೆ ಧ್ವನಿ ನಿಂತಿತು, ಕಂಬ ಹಿಡಿದು ಕುಸಿದು ಕೂತೆ. ಹುಚ್ಚು ಹತ್ತಿತು ನೋಡಿ ಎಂದರು. ಶಿರಾಕ್ಕೆ ಓಡಿದೆ. ಡಾಕ್ಟ್ರಮ್ಮ ಬೈದ ಬೈಗುಳ ಹೊರಗಿನ ಬಸುರಿಯರಿಗೆಲ್ಲ ಕೇಳಿಸಿತು. ಮತ್ತೆ ಶುರು ಮಾಡಿಸಿದರು. ನಾನು ವಾಪಸು ಬರುವಷ್ಟರಲ್ಲಿ ಶಿರಸ್ತೇದಾರರ ಮೆಮೊ ನನಗಾಗಿ ಕಾದಿತ್ತು. ಮಾನಸಿಕ ಅಸ್ವಸ್ಥತೆಗೆ ಔಷಧಿ ಸೇವಿಸುತ್ತಿರುವ ನೀವು ನ್ಯಾಯಾಲಯದ ಕೆಲಸಕ್ಕೆ ಹೇಗೆ ಯೋಗ್ಯರು, ಸಮಜಾಯಿಷಿ ನೀಡಿ ಎಂದು ಅದರಲ್ಲಿತ್ತು. ಶಭಾಷ್ ಎಂದು ಕಿಟಕಿಯಿಂದ ತಲೆ ಹಾಕಿದ್ದ ಅದೇ ಮನುಷ್ಯ ಬರೆದದ್ದು.

ಮುನ್ಸೀಫರು ಚೇಂಬರಿಗೆ ಕರೆಸಿದರು. ಶಿರಸ್ತೇದಾರರು, ಬೆಂಚ್ ಕ್ಲಾರ್ಕು, ಅಮೀನ, ಮತ್ತಿಬ್ಬರು ಗೋಡೆಗೆ ಒರಗಿ ನಿಂತಿದ್ದರು. ನಾನು ಬೆಳಿಗ್ಗೆ ಚಿಕ್ಕ ಮಾತ್ರೆ ನುಂಗಿ ಬಂದಿದ್ದೆ. ಅವತ್ತು ನನಗೆ ಇದ್ದದ್ದು ಹೆದರಿಕೆಯಲ್ಲ, ಸಿಟ್ಟು. ಮುನ್ಸೀಫರು ವಯಸ್ಸಿನಲ್ಲಿ ಚಿಕ್ಕವರು, ನಮ್ಮ ಕಡೆಯವರಲ್ಲ. ಏನು ಹೇಳುತ್ತೀಯ ಎಂದರು.

“ಸ್ವಾಮಿ, ನಮ್ಮಪ್ಪ ಈ ಕೋರ್ಟಿಗೆ ಸೇರಿದಾಗ್ಲಿಂದ ಸಾಯೋ ಗಂಟ ಸಾರಾಯಿ ಕುಡ್ದು ಕೂಗ್ದ. ಇಲ್ಲಿರೋ ಎಲ್ಲಾರ್ಗೂ ಗೊತ್ತು. ಕೊಡ್ಸಿದೋರೂ ಇಲ್ಲೇ ನಿಂತವ್ರೆ. ಅವ್ನಿಗೆ ಯಾರೂ ಮೆಮೊ ಕೊಡ್ಲಿಲ್ಲ. ನಾನೂ ಎರಡ್ ವರ್ಷ ಕುಡ್ದು ಕೂಗ್ದೆ, ನಂಗೂ ಕೊಡ್ಲಿಲ್ಲ. ಈಗ ಅದ್ನ ಬುಟ್ಟು ಡಾಕ್ಟ್ರು ಬರ್ಕೊಟ್ಟ ಮಾತ್ರೆ ನುಂಗ್ತಾ ಇವ್ನಿ. ಈಗ್ಯಾಕೆ ಮೆಮೊ?”

ನನ್ನ ಧ್ವನಿ ಚೇಂಬರಿನ ಹೊರಗೆ, ಕೋರ್ಟು ಹಾಲಿನವರೆಗೂ ಹೋಗಿತ್ತು. ಶಿರಸ್ತೇದಾರರು, ನೋಡಿ ಸ್ವಾಮಿ ಹೇಗೆ ಕಿರುಚುತ್ತಾನೆ, ಇದನ್ನೇ ನಾನು ಹೇಳಿದ್ದು ಎಂದರು. ಅಮೀನ ನೆಲ ನೋಡುತ್ತಿದ್ದ. ಮುನ್ಸೀಫರು ಮೆಮೊವನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಡಾಕ್ಟರಿಂದ ಒಂದು ಸರ್ಟಿಫಿಕೇಟು ತಂದುಕೊಡು, ಇದನ್ನು ಇಲ್ಲಿಗೆ ಮುಗಿಸೋಣ ಎಂದರು. ಅವರು ಕೆಟ್ಟವರಲ್ಲ. ಆದರೆ ಶಿರಸ್ತೇದಾರರನ್ನು ಅವರು ಒಂದು ಮಾತೂ ಕೇಳಲಿಲ್ಲ. ನಾನು ಸರ್ಟಿಫಿಕೇಟು ತಂದುಕೊಟ್ಟೆ. ಕೆಲಸ ಉಳಿಯಿತು. ಕೆಲವು ತಿಂಗಳಲ್ಲಿ ನನ್ನನ್ನು ಪಾವಗಡಕ್ಕೆ ವರ್ಗ ಮಾಡಿದರು. ಕಾರಣ ಬರೆದಿರಲಿಲ್ಲ.

ಮನೆಯಲ್ಲಿ ಅಮ್ಮ ಮಾತು ಬಿಟ್ಟಿದ್ದಳು. ನಾನು ಚೇಂಬರಿನಲ್ಲಿ ಆಡಿದ್ದು ಊರ ಬಾಯಿಗೆ ಬಿದ್ದು, ಸತ್ತ ಅಪ್ಪನನ್ನು ಕೋರ್ಟಿನಲ್ಲಿ ಕುಡುಕ ಎಂದ ಮಗ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ನನ್ನನ್ನು ಕೈ ಹಿಡಿದು ಶಿರಾಕ್ಕೆ ಎಳೆದುಕೊಂಡು ಹೋದವಳೇ ಈಗ ತಟ್ಟೆಯನ್ನು ನನ್ನ ಮುಂದೆ ಕುಕ್ಕುತ್ತಿದ್ದಳು. ನನಗೂ ರೇಗಿತ್ತು. ನಿಜ ಹೇಳಿದ್ದು ತಪ್ಪಾ ಎಂದು ಒಮ್ಮೆ ಕೇಳಿದೆ. ಅವಳು ಎದ್ದು ಹೋದಳು.

ಪಾವಗಡಕ್ಕೆ ಮನೆ ಬದಲಾಯಿಸಿದ ಮೇಲೆ ಅವಳು ಸ್ವಲ್ಪ ಸಡಿಲವಾದಳು. ಅವಳ ತವರು ಅಲ್ಲೇ ಹತ್ತಿರದ ವೈ.ಎನ್.ಹೊಸಕೋಟೆ ಕಡೆ, ತೆಲುಗು ಆಡುವ ಸೀಮೆ. ಪಾವಗಡದ ಅಂಗಡಿ ಬೀದಿಯ ತೆಲುಗು ಕೇಳಿದರೆ ಅವಳ ಮುಖ ಅರಳುತ್ತಿತ್ತು. ಒಂದು ಸಂಜೆ ತವರಿನಿಂದ ಬಂದ ಕಡ್ಲೇಕಾಯಿಯನ್ನು ಇಬ್ಬರೂ ಸುಲಿಯುತ್ತ ಕೂತಿದ್ದೆವು. ತಲೆ ಎತ್ತದೆಯೇ ಮಾತು ತೆಗೆದಳು.

“ಕೆಲ್ಸಕ್ಕೆ ಸೇರೋ ದಿನ ನಿಮ್ಮಪ್ಪ ಹಿತ್ಲಲ್ಲಿ ವಾಂತಿ ಮಾಡ್ಕಂತಾ ಕುಂತಿದ್ದ ನಾಯನಾ. ನಂಗಾಗಾಕಿಲ್ಲ, ವಾಪಸ್ ಕುರಿ ಕಾಯಾಕೆ ಹೋಗ್ತೀನಿ ಅಂದ. ಸರ್ಕಾರಿ ಕೆಲ್ಸ ಬುಟ್ರೆ ಹೆಂಗೆ ಅಂತ ನಾನೇ ಪಕ್ಕದ ಮನೇರ ಕೈಲಿ ಒಂದು ಗ್ಲಾಸು ತರ್ಸಿ ಕುಡಿಸ್ದೆ. ಕುಡ್ದು ಎದ್ದು ಹೋದ. ಸಾಯಂಕಾಲ ನಕ್ಕಂತಾ ಬಂದ. ಔಷ್ದಿ ಸಿಕ್ತು ಅನ್ಕಂಡೆ.”

ನಾನು ಎದ್ದು ಹೊರಗೆ ಹೋದೆ. ಬೆಟ್ಟದ ಬುಡದವರೆಗೆ ನಡೆದೆ. ಅವಳ ಮೇಲೂ ಸಿಟ್ಟು ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಷ್ಟು ವರ್ಷ ಒಂದು ಮಾತು ಹೇಳದೆ ತಟ್ಟೆ ಇಟ್ಟು ಮುಖ ತಿರುಗಿಸಿಕೊಂಡಳಲ್ಲ ಎಂದು ಹಲ್ಲು ಕಚ್ಚಿದೆ. ಆದರೆ ಅವಳನ್ನು ಬೈಯಲು ಒಂದು ಮಾತೂ ಕೂಡಿಬರಲಿಲ್ಲ. ಅವಳಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ನಿನ್ನ ಗಂಡನಿಗೆ ಇರುವುದು ಒಂದು ಕಾಯಿಲೆ ಎಂದು ಹೇಳುವವರು ಆ ಸುತ್ತಮುತ್ತ ಒಬ್ಬರೂ ಇರಲಿಲ್ಲ. ಇದ್ದದ್ದು ಪಕ್ಕದ ಮನೆ, ಸಾರಾಯಿ ಅಂಗಡಿ, ಬಿಡಬಾರದ ಒಂದು ಕೆಲಸ. ವಾಪಸು ಬಂದು ಅವಳ ಪಕ್ಕ ಕೂತು ಉಳಿದ ಕಾಯಿ ಸುಲಿದೆ. ಅವಳು ಅಳುತ್ತಿದ್ದಳು. ನಾನು ಬಿಡಿಸಿದ ಬೀಜವನ್ನು ಅವಳ ಮೊರಕ್ಕೆ ಹಾಕುತ್ತಿದ್ದೆ. ಅವತ್ತಿನಿಂದ ಅವಳು ಮತ್ತೆ ನನ್ನೊಂದಿಗೆ ಮಾತಾಡತೊಡಗಿದಳು.

ಪಾವಗಡದಲ್ಲಿ ನಾನು ಮಾತ್ರೆಯನ್ನು ಮುಚ್ಚಿಡಲಿಲ್ಲ. ಬೆಳಿಗ್ಗೆ ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ, ಎಲ್ಲರೆದುರೇ ನೀರು ಕೇಳಿ ನುಂಗುತ್ತಿದ್ದೆ. ಏನದು ಎಂದರೆ ಜನರ ಭಯಕ್ಕೆ ಎನ್ನುತ್ತಿದ್ದೆ. ನಕ್ಕವರು ನಕ್ಕರು. ಹೆಣ್ಣು ನೋಡಲು ಹೋದಾಗಲೂ ಮೊದಲೇ ಹೇಳಿದೆ. ಒಂದು ಕಡೆಯವರು ಅಲ್ಲಿಗೇ ಎದ್ದು ಕೈ ಮುಗಿದರು. ಇನ್ನೊಂದು ಕಡೆಯ ಹುಡುಗಿ, ಕುಡೀತೀರಾ ಎಂದಷ್ಟೇ ಕೇಳಿ, ಇಲ್ಲ ಎಂದಿದ್ದಕ್ಕೆ ಒಪ್ಪಿದಳು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಡಾಕ್ಟರು ಮೆಲ್ಲಗೆ ಕಡಿಮೆ ಮಾಡುತ್ತ ರಾತ್ರಿಯ ಮಾತ್ರೆ ನಿಲ್ಲಿಸಿದರು. ಒಂದು ವರ್ಷ ಚೆನ್ನಾಗಿದ್ದೆ. ಆಮೇಲೆ ಮತ್ತೆ ಬೇಕಾಯಿತು, ಮತ್ತೆ ಶುರು ಮಾಡಿದೆ. ಅದನ್ನು ಸೋಲು ಎಂದು ನಾನು ತಿಳಿಯಲಿಲ್ಲ.

ಆ ದಿನಗಳಲ್ಲೇ ಅಮೀನ ಸತ್ತ ಸುದ್ದಿ ಬಂತು. ಹಳೆಯ ಊರಿಗೆ ಹೋದೆ. ಅವನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಹೊಟ್ಟೆ ಅಪ್ಪನಿಗೆ ಇದ್ದ ಹಾಗೇ ಊದಿತ್ತು. ಅವನು ನನ್ನ ಅಪ್ಪನಿಗೆ ಹೆಗಲು ಕೊಟ್ಟಿದ್ದನಲ್ಲ, ನಾನೂ ಅವನ ಚಟ್ಟಕ್ಕೆ ಹೆಗಲು ಕೊಟ್ಟೆ. ಮಣ್ಣು ಮಾಡಿ ಕೈಕಾಲು ತೊಳೆದುಕೊಂಡು ಬರುವಾಗ, ಹಳೆಯ ಕೋರ್ಟಿನವರೆಲ್ಲ ಸಾರಾಯಿ ಅಂಗಡಿಯ ಆ ಓಣಿಯ ಬಾಯಲ್ಲಿ ಗುಂಪಾಗಿ ನಿಂತರು. ರಿಟೈರಾಗಿದ್ದ ಶಿರಸ್ತೇದಾರರೂ ಇದ್ದರು. ಎಂಥ ಮನುಷ್ಯ, ವಿಧಿ ನೋಡಿ ಎಂದರು. ಆಮೇಲೆ ನನ್ನನ್ನು ನೋಡಿ, ಬಾರಪ್ಪ, ಸಂಕಟವಾಗಿದೆ, ಎಲ್ಲ ಸ್ವಲ್ಪ ಸ್ವಲ್ಪ ತಗೊಂಡು ಹೋಗೋಣ ಎಂದು ಅಂಗಡಿಯ ಕಡೆ ಕೈ ತೋರಿಸಿದರು.

ನಾನು ಬರುವುದಿಲ್ಲ ಎಂದೆ. ಯಾಕೆ ಎಂದರು. ಯಾಕೆಂದು ಹೇಳಿದೆ. ಅಪ್ಪನನ್ನು ಕೊಂದದ್ದು ವಿಧಿಯಲ್ಲ, ಈಗ ಮಣ್ಣಿಗೆ ಇಟ್ಟು ಬಂದವನನ್ನು ಕೊಂದದ್ದೂ ವಿಧಿಯಲ್ಲ, ಈ ಓಣಿ ಮತ್ತು ಇಲ್ಲಿಗೆ ಕರೆದುಕೊಂಡು ಬಂದವರು ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೇಳಿದೆ. ಬೀದಿಯಲ್ಲಿ ಹೋಗುವವರು ನಿಂತು ಕೇಳಿದರು. ಒಬ್ಬ ಟವೆಲಿನಿಂದ ಮುಖ ಒರೆಸಿಕೊಂಡ. ಶಿರಸ್ತೇದಾರರು, ಹೋಗಲಿ ಬಿಡಿ, ದುಃಖದಲ್ಲಿದ್ದಾನೆ ಎಂದರು.

ಒಬ್ಬರ ಹಿಂದೆ ಒಬ್ಬರು ಅವರು ಓಣಿಯೊಳಗೆ ಹೋದರು. ನಾನು ಬಸ್‌ಸ್ಟ್ಯಾಂಡಿಗೆ ನಡೆದು ಪಾವಗಡದ ಬಸ್ಸು ಹತ್ತಿದೆ.